ಕ್ರಯಪತ್ರದಲ್ಲಿ ಕಾಣದ ಮನೆ

ನಮ್ಮ ಕಡೆಯ ಕ್ರಯಪತ್ರಗಳ ಭಾಷೆಯನ್ನು ಕುರಿತು ಯಾರಾದರೊಬ್ಬರು ಒಂದು ಪ್ರಬಂಧವನ್ನೇ ಬರೆಯಬೇಕು. ಕುಣಿಗಲಿನಲ್ಲಿ ಮೂವತ್ತಡಿಗೆ ನಲವತ್ತಡಿಯ ನಿವೇಶನ, ಅದರ ಮೇಲೊಂದು ತಾರಸಿ ಮನೆ. ಅದನ್ನು ಒಬ್ಬರು ಇನ್ನೊಬ್ಬರಿಗೆ ಮಾರಿದರೆನ್ನಿ. ಪತ್ರ ಬರೆಯುವ ಬರಹಗಾರರು ಮೊದಲು ನಾಲ್ಕು ದಿಕ್ಕಿನ ಚೆಕ್ಕುಬಂದಿಯನ್ನು ನಮೂದಿಸುತ್ತಾರೆ. ಆಮೇಲೆ ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯಗಳೆಂಬ ಅಷ್ಟಭೋಗಗಳನ್ನೂ ತೇಜಃಸ್ವಾಮ್ಯವನ್ನೂ ಕೊಂಡವರ ವಶಕ್ಕೆ ಒಪ್ಪಿಸಿಬಿಡುತ್ತಾರೆ. ವಿಜಯನಗರದ ಅರಸರು ಅಗ್ರಹಾರಗಳನ್ನು ದತ್ತಿ ಬಿಟ್ಟಾಗ ತಾಮ್ರಪಟಗಳಲ್ಲಿಯೂ ಶಿಲಾಶಾಸನಗಳಲ್ಲಿಯೂ ಕೊರೆಯಿಸಿದ ಮಾತುಗಳೇ ಇವು. ಅರಸರು ಹೋದರು, ಅಗ್ರಹಾರಗಳು ಹೋದವು. ಅಷ್ಟಭೋಗ ಮಾತ್ರ ಛಾಪಾ ಕಾಗದದ ಮೇಲೆ ಸುಖವಾಗಿ ಉಳಿದುಕೊಂಡಿದೆ. ನೆಲದಡಿ ನಿಕ್ಷೇಪ ದೊರೆತರೆ ಅದನ್ನು ಸರ್ಕಾರಕ್ಕೆ ತಿಳಿಸಬೇಕೆಂದು ಕಾಯಿದೆ ಹೇಳುತ್ತದೆಯಾದರೂ, ಪತ್ರ ಆ ಗೊಡವೆಗೆ ಹೋಗುವುದಿಲ್ಲ.

ಇಷ್ಟೆಲ್ಲ ಔದಾರ್ಯವುಳ್ಳ ಆ ಪತ್ರದಲ್ಲಿ ಮನೆಯ ಸಂಗತಿ ಎಷ್ಟಿದೆ ಎಂದು ಹುಡುಕಿದರೆ, ಆರ್‌ಸಿಸಿ ಚಾವಣಿ, ಇಂತಿಷ್ಟು ಚದರ, ವಿದ್ಯುತ್ ಮತ್ತು ನೀರಿನ ಸೌಕರ್ಯ ಉಂಟು ಎಂಬ ಒಂದೆರಡು ಸಾಲು ಸಿಕ್ಕೀತು. ಗೋಡೆ ಬಿರುಕು ಬಿಟ್ಟಿದೆಯೆ, ಚಾವಣಿ ಸೋರುತ್ತದೆಯೆ, ಬಾಗಿಲವಾಡಕ್ಕೆ ಗೆದ್ದಲು ಹತ್ತಿದೆಯೆ, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ, ಶೌಚದ ಗುಂಡಿ ಎಲ್ಲಿದೆ, ಮನೆ ನಿಂತ ನೆಲ ಹಿಂದೆ ಏನಾಗಿತ್ತು, ಇವಾವುದರ ಮಾತೂ ಅಲ್ಲಿರುವುದಿಲ್ಲ. ಉಪನೋಂದಣಾಧಿಕಾರಿಗಳು ಅದನ್ನು ಕೇಳುವುದೂ ಇಲ್ಲ. ಕೇಳಬೇಕೆಂದು 1908ರ ನೋಂದಣಿ ಕಾಯಿದೆ ಅವರಿಗೆ ಹೇಳಿಲ್ಲ. ಬರೆದುಕೊಟ್ಟವರು ಇವರೇ ಹೌದೆ, ಸ್ವತ್ತನ್ನು ಗುರುತಿಸಲು ಸಾಕಷ್ಟು ವಿವರ ಇದೆಯೆ, ಶುಲ್ಕ ಸಂದಾಯವಾಗಿದೆಯೆ, ಇಷ್ಟನ್ನು ನೋಡಿದರೆ ಅವರ ಕೆಲಸ ಮುಗಿಯಿತು.

ಕಾಗದವನ್ನು ಪರಿಶೀಲಿಸುವ ಕೆಲಸ ಈಚಿನ ವರ್ಷಗಳಲ್ಲಿ ಬಹಳ ಬಿಗಿಯಾಗಿದೆ, ಅದು ಒಳ್ಳೆಯದೇ. ಹಳ್ಳಿಗಳಲ್ಲಿ ಖಾನೇಷುಮಾರಿ ನಂಬರಿನ ಮೇಲೆ ಮನೆಗಳು ಕೈಬದಲಾಗುತ್ತಿದ್ದ ಕಾಲ ಹೋಗಿ ಇ-ಸ್ವತ್ತಿನ ನಮೂನೆಗಳು ಬಂದವು. 2023ರಲ್ಲಿ ನೋಂದಣಿಗೆ ಕಾವೇರಿ ತಂತ್ರಾಂಶದ ಎರಡನೆಯ ಆವೃತ್ತಿ ಬಂದಿತು. 2024ರ ಅಕ್ಟೋಬರಿನಿಂದ ಪಟ್ಟಣಗಳ ಸ್ವತ್ತಿಗೆ ಇ-ಖಾತೆ ಇಲ್ಲದೆ ನೋಂದಣಿ ಇಲ್ಲವೆಂದಾಯಿತು. ತುಮಕೂರಿನ ಮಹಾನಗರ ಪಾಲಿಕೆ, ಕುಣಿಗಲಿನ ಪುರಸಭೆ, ಗುಬ್ಬಿಯ ಪಟ್ಟಣ ಪಂಚಾಯಿತಿ, ಎಲ್ಲೆಲ್ಲಿಯೂ ಜನ ಹಳೆಯ ಕಂದಾಯದ ರಸೀದಿಗಳನ್ನು ಹಿಡಿದು ಸಾಲು ನಿಂತರು. ಒಂದೇ ನಿವೇಶನವನ್ನು ಇಬ್ಬರಿಗೆ ಮಾರುವ ಚತುರರಿಗೆ ಇದರಿಂದ ಸ್ವಲ್ಪ ತೊಂದರೆಯಾಗಿರಬೇಕು. ಆದರೆ ಖಾತೆ ಎಂಬುದು ಮೂಲತಃ ಕಂದಾಯದ ಲೆಕ್ಕ. ಯಾರಿಂದ ತೆರಿಗೆ ವಸೂಲು ಮಾಡಬೇಕೆಂಬುದನ್ನು ಅದು ಹೇಳುತ್ತದೆ; ತೆರಿಗೆ ಕಟ್ಟಿದವರ ತಲೆಯ ಮೇಲಿನ ಸೂರು ನಿಂತೀತೆ ಎಂಬುದನ್ನು ಹೇಳುವುದಿಲ್ಲ.

ನನಗೆ ಪರಿಚಿತರಾದ ಒಬ್ಬ ನಿವೃತ್ತ ಉಪಾಧ್ಯಾಯರಿದ್ದಾರೆ, ಗುಬ್ಬಿ ತಾಲ್ಲೂಕಿನವರು. ಊರಿನ ತೆಂಗಿನ ತೋಟದಲ್ಲಿ ತಮ್ಮ ಪಾಲನ್ನು ಮಾರಿ, ನಿವೃತ್ತಿಯಾದಾಗ ಬಂದ ಹಣವನ್ನು ಅದಕ್ಕೆ ಕೂಡಿಸಿ, ತುಮಕೂರಿನಲ್ಲೊಂದು ಮನೆಯನ್ನು ಕೊಂಡರು. ಬಹಳ ಜಾಗರೂಕರಾದ ಮನುಷ್ಯ. ಮೂವತ್ತು ವರ್ಷದ ಋಣಭಾರ ಪತ್ರ ತೆಗೆಸಿದರು, ವಕೀಲರಿಂದ ಅಭಿಪ್ರಾಯ ಬರೆಸಿದರು, ಮೂಲ ಪತ್ರಗಳನ್ನೆಲ್ಲ ಒಂದೊಂದಾಗಿ ಓದಿದರು. ಮನೆಗೆ ಹೊಸದಾಗಿ ಬಣ್ಣ ಬಳಿದಿತ್ತು. ಗೃಹಪ್ರವೇಶವಾದ ಮೇಲೆ ಎರಡನೆಯ ಮುಂಗಾರಿನಲ್ಲಿ ಅಡುಗೆಮನೆಯ ಮೂಲೆ ಕುಸಿಯತೊಡಗಿತು. ನೆಲದ ಹಾಸುಗಲ್ಲು ಇಳಿಯಿತು, ಗೋಡೆ ಕೈಬೆರಳು ತೂರುವಷ್ಟು ಬಾಯಿಬಿಟ್ಟಿತು. ಅಗೆಸಿ ನೋಡಿದರೆ ಅಲ್ಲೊಂದು ಹಳೆಯ ಬಾವಿ. ಯಾವ ಕಾಲದಲ್ಲೋ ಕಸ, ಇಟ್ಟಿಗೆಯ ಚೂರು, ಮಣ್ಣು ಸುರಿದು ಮುಚ್ಚಿ, ಅದರ ಮೇಲೆಯೇ ಪಾಯ ಹಾಕಿದ್ದರು.

ಈ ಕಥೆಯಲ್ಲಿ ನನ್ನನ್ನು ಕಾಡಿದ್ದು ಬಾವಿಯಲ್ಲ. ಅದು ಬೀದಿಗೆಲ್ಲ ಗೊತ್ತಿತ್ತು! ಎದುರು ಮನೆಯ ಅಜ್ಜಿ ಆ ಬಾವಿಯಿಂದ ನೀರು ಸೇದಿದವರು. ಮೂಲೆಯ ಅಂಗಡಿಯವರು ಅದನ್ನು ಮುಚ್ಚುವಾಗ ಗಾಡಿಗಳು ಬಂದದ್ದನ್ನು ಕಂಡವರು. 'ನೀವು ಕೇಳಲಿಲ್ಲ ಮೇಷ್ಟ್ರೇ, ನಾವಾಗಿ ಹೇಳಿ ಒಬ್ಬರ ವ್ಯಾಪಾರ ಕೆಡಿಸುವುದು ಹೇಗೆ?' ಎಂದರಂತೆ. ಅವರ ಮಾತಿನಲ್ಲಿ ಕೇಡಿರಲಿಲ್ಲ. ಮಾರಿದವರನ್ನು ಕೇಳಿದರೆ, ತಾವೂ ಇನ್ನೊಬ್ಬರಿಂದ ಕೊಂಡವರು, ತಮಗೂ ತಿಳಿದಿರಲಿಲ್ಲ ಎಂದರು. ಇರಬಹುದು. ಕ್ರಯಪತ್ರಕ್ಕೆ ಸಾಕ್ಷಿ ಹಾಕಿದ ಇಬ್ಬರಿದ್ದಾರಲ್ಲ, ಅವರು ನೋಂದಣಿ ಕಚೇರಿಯ ಆವರಣದಲ್ಲಿ ಸಿಕ್ಕವರು. ಆ ಬೀದಿಯನ್ನೇ ನೋಡಿದವರಲ್ಲ.

ಕಾನೂನು ಇಂಥ ಸಂದರ್ಭವನ್ನು ಕಾಣದೆ ಹೋಗಿಲ್ಲ. 1882ರ ಸ್ವತ್ತು ವರ್ಗಾವಣೆ ಕಾಯಿದೆಯ 55ನೆಯ ಪ್ರಕರಣ, ಮಾರುವವನಿಗೆ ತಿಳಿದಿದ್ದು ಕೊಳ್ಳುವವನಿಗೆ ತಿಳಿಯದಿರುವ, ಸಾಮಾನ್ಯ ಎಚ್ಚರಿಕೆಯಿಂದ ಕಂಡುಕೊಳ್ಳಲಾಗದಿರುವ ಮುಖ್ಯ ದೋಷವನ್ನು ಮಾರುವವನು ತಾನಾಗಿ ಹೇಳತಕ್ಕದ್ದು ಎನ್ನುತ್ತದೆ. ಹಕ್ಕಿನ ದೋಷವನ್ನು ಮಾತ್ರವಲ್ಲ, ಸ್ವತ್ತಿನ ದೋಷವನ್ನೂ ಹೇಳಬೇಕು. ಮುಚ್ಚಿಟ್ಟರೆ ಅದು ವಂಚನೆ ಎಂದೂ ಅದೇ ಪ್ರಕರಣದ ಕೊನೆಯಲ್ಲಿದೆ. ಸೊಗಸಾದ ನಿಯಮ. ಆದರೆ ಪಕ್ಷಗಳು ಬೇರೆ ಕರಾರು ಮಾಡಿಕೊಂಡಿರದಿದ್ದರೆ ಮಾತ್ರ ಅದು ಅನ್ವಯಿಸುತ್ತದೆ. ಎಲ್ಲಿ ಹೇಗಿದೆಯೋ ಹಾಗೆಯೇ ಕೊಂಡಿದ್ದೇನೆ ಎಂಬ ಒಂದು ಸಾಲನ್ನು ಪತ್ರದಲ್ಲಿ ಸೇರಿಸಿದರೆ ಮಾರುವವರ ಬೆನ್ನಿಗೆ ಗೋಡೆ ಸಿಕ್ಕಿತು. ಆ ಸಾಲಿಲ್ಲವೆಂದೇ ಇಟ್ಟುಕೊಳ್ಳೋಣ. ಮಾರಿದವರಿಗೆ ಬಾವಿಯ ವಿಷಯ ತಿಳಿದಿತ್ತೆಂದು ರುಜುವಾತು ಮಾಡಬೇಕಾದವರು ಯಾರು? ಕುಸಿದ ಅಡುಗೆಮನೆಯ ಪಕ್ಕದಲ್ಲಿ ಕುಳಿತಿರುವ ಮೇಷ್ಟ್ರು. ಆ ವಯಸ್ಸಿನಲ್ಲಿ ನ್ಯಾಯಾಲಯದ ಮೆಟ್ಟಿಲು ಹತ್ತುವುದಕ್ಕಿಂತ ಸಿಮೆಂಟು ತರಿಸುವುದು ಸುಲಭವೆಂದು ಅವರು ಬಗೆದರು.

ಹಾಗಾದರೆ ಮಾರಾಟಕ್ಕೆ ಮುಂಚೆ ಮನೆಯನ್ನು ಕಣ್ಣಾರೆ ನೋಡುವ ಪರಿಣತರು ಯಾರೂ ಇಲ್ಲವೆ? ಇದ್ದಾರೆ, ಒಬ್ಬರು. ಸಾಲ ತೆಗೆದುಕೊಂಡರೆ ಬ್ಯಾಂಕಿನ ಪರವಾಗಿ ಬೆಲೆ ಕಟ್ಟುವವರು ಬಂದು ಹೋಗುತ್ತಾರೆ. ಆದರೆ ಅವರು ನೋಡುವುದು ಕೊಟ್ಟ ಸಾಲಕ್ಕೆ ಈ ಮನೆ ಸಾಟಿಯಾದೀತೆ ಎಂಬುದನ್ನು. ಇನ್ನು 2016ರ ಸ್ಥಿರಾಸ್ತಿ ನಿಯಂತ್ರಣ ಕಾಯಿದೆ, ಎಂದರೆ ಜನರ ಬಾಯಲ್ಲಿರುವ ರೇರಾ, ನಿರ್ಮಾಣದ ದೋಷ ಐದು ವರ್ಷದೊಳಗೆ ಕಂಡುಬಂದರೆ ಕಟ್ಟಿಸಿದವರೇ ಸರಿಪಡಿಸಿಕೊಡಬೇಕೆಂದು ವಿಧಿಸಿದೆ. ಅದು ದೊಡ್ಡ ಬಡಾವಣೆಗಳಿಗೂ ಬಹುಮಹಡಿಗಳಿಗೂ ಹೇಳಿದ ಮಾತು. ಮೇಸ್ತ್ರಿಯೊಬ್ಬರನ್ನು ಹಿಡಿದು ಕಟ್ಟಿಸಿದ, ಈಗಾಗಲೇ ಎರಡು ಕೈ ಬದಲಾದ ನಮ್ಮ ಊರುಗಳ ಬಿಡಿ ಮನೆಗಳಿಗೆ ಅದರ ನೆರಳು ತಾಗುವುದಿಲ್ಲ.

ನಾವು ಪರೀಕ್ಷೆ ಮಾಡದೆ ಕೊಳ್ಳುವ ಜನವೇ ಅಲ್ಲ. ಸಿದ್ಧಗಂಗೆಯ ದನಗಳ ಜಾತ್ರೆಗೆ ಹೋದವರಿಗೆ ಇದು ಗೊತ್ತು. ಒಂದು ಜೊತೆ ಎತ್ತನ್ನು ಕೊಳ್ಳುವ ರೈತ ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಗೊರಸು ಮುಟ್ಟುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಜೊತೆಗೆ ತಿಳಿದವರೊಬ್ಬರನ್ನು ಕರೆದುಕೊಂಡೇ ಬಂದಿರುತ್ತಾನೆ. ಟವೆಲ್ಲಿನೊಳಗೆ ಬೆರಳು ಹಿಡಿದು ಬೆಲೆ ಕುದುರಿಸುವುದು ಇದೆಲ್ಲ ಆದ ಮೇಲಿನ ಮಾತು. ಕುದುರೆ ಸಾಕಣೆಗೆ ಹೆಸರಾದ ಕುಣಿಗಲಿನವರಿಗಂತೂ ಪ್ರಾಣಿಯ ಕಾಲು ನೋಡದೆ ಕೊಳ್ಳಬಾರದೆಂಬುದನ್ನು ಹೇಳಿಕೊಡಬೇಕಾಗಿಲ್ಲ. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ನಮ್ಮ ಹಿರಿಯರು ಮನೆ ಕೊಂಡು ನೋಡು ಎನ್ನದೆ ಹೋದರು. ಅವರ ಕಾಲದಲ್ಲಿ ಅದಕ್ಕೆ ಅವಕಾಶ ಕಡಮೆ. ಕೊಳ್ಳುವವರೂ ಮಾರುವವರೂ ಒಂದೇ ಊರಿನವರು. ಯಾವ ಮನೆಯ ತೊಲೆ ಯಾವ ವರ್ಷ ಮುರಿಯಿತು ಎಂಬುದು ಅರಳಿಕಟ್ಟೆಗೆ ತಿಳಿದಿರುತ್ತಿತ್ತು. ಈಗ ಹಾಗಿಲ್ಲ. ತುಮಕೂರಿನ ಹೊರಗೆ ವಸಂತನರಸಾಪುರದಲ್ಲಿ ಕೈಗಾರಿಕೆಗಳು ಬೆಳೆದವು. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲಿನಲ್ಲಿ 2023ರ ಫೆಬ್ರವರಿಯಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಯಿತು. ಕುಣಿಗಲು ಬೆಂಗಳೂರಿನ ಹೆದ್ದಾರಿಯ ಮೇಲಿದೆ. ಎಲ್ಲಿಂದಲೋ ಬಂದವರು ಭಾನುವಾರ ಒಂದು ಗಳಿಗೆ ಮನೆ ನೋಡಿ, ಸೋಮವಾರ ಮುಂಗಡ ಕೊಡುತ್ತಾರೆ. ಹೊಸ ಬಣ್ಣದ ಗೋಡೆ ಅವರಿಗೆ ಗುಬ್ಬಿ ಕಂಪನಿಯ ಪರದೆಯ ಮೇಲಿನ ಅರಮನೆಯಂತೆ ಕಂಗೊಳಿಸುತ್ತದೆ. ನಾಟಕ ನೋಡುವವರಿಗಾದರೋ ಅದು ಪರದೆಯೆಂದು ಗೊತ್ತಿರುತ್ತಿತ್ತು.

ಮಾರಾಟಕ್ಕೆ ಮುನ್ನ ಮನೆಯ ತಪಾಸಣೆಯಾಗಬೇಕೆಂದು ಸ್ಥಳೀಯ ಸಂಸ್ಥೆಗಳು ಕಡ್ಡಾಯ ಮಾಡಬಹುದೆ? ಹೊರನಾಡುಗಳಲ್ಲಿ ಇದು ಬಹಳ ವಾದಕ್ಕೆ ಸಿಕ್ಕಿದ ಪ್ರಶ್ನೆ. ಇಂಗ್ಲೆಂಡಿನಲ್ಲಿ 2004ರ ವಸತಿ ಕಾಯಿದೆಯ ಮೇರೆಗೆ, ಮನೆ ಮಾರುವವರು ಒಂದು ಮಾಹಿತಿಯ ಕಟ್ಟನ್ನು ಸಿದ್ಧಪಡಿಸಬೇಕೆಂದೂ ಅದರಲ್ಲಿ ಮನೆಯ ಸ್ಥಿತಿಗತಿಯ ವರದಿ ಇರಬೇಕೆಂದೂ ಹೊರಟರು. ಪರಿಣತರ ಕೊರತೆ, ಖರ್ಚಿನ ಗದ್ದಲ ಎದ್ದು, ವರದಿಯ ಕಡ್ಡಾಯವನ್ನು 2006ರಲ್ಲಿಯೇ ಕೈಬಿಟ್ಟರು. ಉಳಿದ ಕಾಗದದ ಕಟ್ಟು 2007ರಲ್ಲಿ ಜಾರಿಗೆ ಬಂದು 2010ರಲ್ಲಿ ನಿಂತುಹೋಯಿತು. ತಿರುಳನ್ನು ತೆಗೆದು ಸಿಪ್ಪೆಯನ್ನು ಉಳಿಸಿಕೊಂಡರೆ ಆಗುವುದು ಹೀಗೆಯೇ. ನೆರೆಯ ಸ್ಕಾಟ್ಲೆಂಡಿನವರು ಬೇರೆ ದಾರಿ ಹಿಡಿದರು. 2008ರ ಡಿಸೆಂಬರಿನಿಂದ ಅಲ್ಲಿ ಮನೆಯನ್ನು ಮಾರಾಟಕ್ಕಿಡುವವರು ತಮ್ಮ ಖರ್ಚಿನಲ್ಲಿ ಅರ್ಹ ಪರಿಶೀಲಕರಿಂದ ವರದಿ ಮಾಡಿಸಿ, ಕೊಳ್ಳಲು ಬಂದವರಿಗೆ ಕೊಡಬೇಕು. ಮನೆಯನ್ನು ಮಾರುಕಟ್ಟೆಗೆ ಇಡುವಾಗ ಆ ವರದಿ ಹನ್ನೆರಡು ವಾರಕ್ಕಿಂತ ಹಳೆಯದಾಗಿರಕೂಡದು. ಅದು ಇಂದಿಗೂ ನಡೆದಿದೆ.

ಅಮೆರಿಕದ ಓಹಾಯೋ ಪ್ರಾಂತದ ಕೆಲವು ನಗರಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಗರಸಭೆಯ ಇನ್ಸ್‌ಪೆಕ್ಟರೇ ಬಂದು ನೋಡಿ, ದುರಸ್ತಿಯ ಪಟ್ಟಿ ಕೊಟ್ಟ ಮೇಲೆ ಮಾರಾಟ ಎಂದು ನಿಯಮ ಮಾಡಿದರು. ಅದರ ಮೇಲೆ ಮೊಕದ್ದಮೆಗಳಾದವು. 1976ರಲ್ಲಿ ಸಿನ್ಸಿನಾಟಿ ನಗರದ ಇಂಥ ನಿಯಮವನ್ನು ಆ ಪ್ರಾಂತದ ಸರ್ವೋಚ್ಚ ನ್ಯಾಯಾಲಯ ಒಪ್ಪಲಿಲ್ಲ. 2018ರಲ್ಲಿ ಓಕ್‌ವುಡ್ ಎಂಬ ಊರಿನ ನಿಯಮವೂ ನ್ಯಾಯಾಲಯದಲ್ಲಿ ಸೋತಿತು. ವಾರಂಟಿಲ್ಲದೆ ಒಬ್ಬರ ಮನೆಯ ಒಳಹೊಕ್ಕು ನೋಡುವ ಅಧಿಕಾರ ನಗರಸಭೆಗಿಲ್ಲ ಎಂಬುದು ತೀರ್ಪಿನ ಸಾರ. ಹೊಸ್ತಿಲು ಎಂಬ ಮಾತಿಗೆ ನಮ್ಮಲ್ಲಿ ಎಷ್ಟು ಗೌರವವುಂಟೋ ಬಲ್ಲವರಿಗೆ ಈ ತೀರ್ಪು ವಿಚಿತ್ರವಾಗಿ ಕಾಣಲಾರದು.

ನಮ್ಮಲ್ಲಿ ಎದುರಾಗುವ ಆಕ್ಷೇಪಣೆ ಮಾತ್ರ ಬೇರೆ ಬಗೆಯದು. ತಪಾಸಣೆ ಎಂದ ಕೂಡಲೇ ಜನ ಕೇಳುವುದು, 'ಅದಕ್ಕೆಷ್ಟು?' ಎಂದು, ಅವರು ಕೇಳುತ್ತಿರುವುದು ಸರ್ಕಾರ ಗೊತ್ತುಮಾಡಿದ ಶುಲ್ಕವನ್ನಲ್ಲ. ಈ ಅನುಮಾನವನ್ನು ನಗೆಯಲ್ಲಿ ತೇಲಿಸಿಬಿಡುವಂತಿಲ್ಲ. ಅನುಮತಿ ಕೊಡುವ ಕೈ ಇದ್ದಲ್ಲಿ ತಡೆಹಿಡಿಯುವ ಕೈಯೂ ಇರುತ್ತದೆ. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು, ವಾಸಯೋಗ್ಯವೆಂಬ ಪ್ರಮಾಣಪತ್ರವಿಲ್ಲದ ಕಟ್ಟಡಗಳಿಗೆ ನೀರು, ವಿದ್ಯುತ್ ಸಂಪರ್ಕ ಕೊಡಕೂಡದೆಂದು ಹೇಳಿತು. ಉದ್ದೇಶ ಒಳ್ಳೆಯದು. ಆದರೆ 2025ರಲ್ಲಿ ನಮ್ಮ ರಾಜ್ಯದಲ್ಲಿ ಹೊಸ ಮನೆ ಕಟ್ಟಿಸಿದ ಅಸಂಖ್ಯ ಸಣ್ಣ ಜನ ದೀಪವಿಲ್ಲದೆ ಕಾದು ಕುಳಿತರು. ಕೊನೆಗೆ ಸರ್ಕಾರವೇ ಚಿಕ್ಕ ಮನೆಗಳಿಗೆ ವಿನಾಯಿತಿಯ ದಾರಿಯನ್ನು ಹುಡುಕಬೇಕಾಯಿತು. ಆ ಪ್ರಮಾಣಪತ್ರವನ್ನು ಕೊಡುವ ವಾಡಿಕೆಯೇ ಇಲ್ಲದ ಊರುಗಳಲ್ಲಿ ಅದನ್ನು ಏಕಾಏಕಿ ಬೇಡಿದರೆ ಇನ್ನೇನಾದೀತು?

ಬಡವರ ಮಾತೂ ಇದೆ. ಮನೆಯನ್ನು ಲಾಭಕ್ಕೆ ಮಾರುವವರು ಕೆಲವರು. ಆಸ್ಪತ್ರೆಯ ಖರ್ಚಿಗೆ, ಮಗಳ ಮದುವೆಗೆ, ಸಾಲಗಾರರ ಕಾಟಕ್ಕೆ ಮಾರುವವರು ಹಲವರು. ಗುಬ್ಬಿಯ ಪೇಟೆಯಲ್ಲಿ ಮಣ್ಣಿನ ಗೋಡೆ, ನಾಡಹೆಂಚಿನ ಒಂದು ತುಂಡು ಮನೆಯನ್ನು ಅವಸರಕ್ಕೆ ಮಾರಹೊರಟ ವಿಧವೆಯೊಬ್ಬರಿಗೆ, ಮೊದಲು ಗೋಡೆ ಸರಿಪಡಿಸಿ ಆಮೇಲೆ ಮಾರಿ ಎಂದರೆ, ಅವರು ಮಾರುವುದು ಯಾವಾಗ? ಮಣ್ಣಿನ ಗೋಡೆ ದೋಷವೂ ಅಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಚೆನ್ನಾಗಿ ಹದ ಮಾಡಿದ ಮಣ್ಣಿನಲ್ಲಿ ಎದ್ದ ಗೋಡೆಗಳು ತಲೆಯ ಮೇಲೆ ಸೂರಿರುವವರೆಗೂ ನಿಲ್ಲುತ್ತವೆ. ಉಪ್ಪು ನೀರಿನಲ್ಲಿ ಕಲಸಿದ ಕಾಂಕ್ರೀಟಿನೊಳಗಿನ ಕಬ್ಬಿಣ ಅದಕ್ಕಿಂತ ಬೇಗ ತುಕ್ಕು ಹಿಡಿಯುತ್ತದೆ. ಈ ವ್ಯತ್ಯಾಸ ತಿಳಿಯದವರ ಕೈಯಲ್ಲಿ ಒಂದು ನಮೂನೆಯನ್ನು ಕೊಟ್ಟು ಟಿಕ್ಕು ಹಾಕಿಸಿದರೆ ಹಳೆಯ ಪೇಟೆಗಳೆಲ್ಲ ದುಸ್ಥಿತಿಯ ಪಟ್ಟಿಗೆ ಸೇರಿಹೋದಾವು.

ಕಟ್ಟಡಗಳು ಬಿದ್ದ ಸುದ್ದಿಯನ್ನು ಈ ವಾದದ ನಡುವೆ ತರುವವರಿದ್ದಾರೆ. 1983ರಲ್ಲಿ ಬೆಂಗಳೂರಿನ ಗಂಗಾರಾಂ ಕಟ್ಟಡ ಕುಸಿದು ನೂರಕ್ಕೂ ಹೆಚ್ಚು ಜನ ಸತ್ತರು. 2019ರ ಮಾರ್ಚಿಯಲ್ಲಿ ಧಾರವಾಡದಲ್ಲಿ ಹತ್ತೊಂಬತ್ತು ಜನ. ಅವೆರಡೂ ಕಟ್ಟುತ್ತಿದ್ದಾಗಲೇ ಕುಸಿದವು. ಮಾರಾಟದ ಹೊತ್ತಿನ ತಪಾಸಣೆ ಅವರನ್ನು ಉಳಿಸುತ್ತಿರಲಿಲ್ಲ. ದೊಡ್ಡ ದುರಂತದ ಹೆಸರು ಹೇಳಿ ಸಣ್ಣ ನಿಯಮವನ್ನು ಮಾರಬಾರದು; ನಮ್ಮ ಮೇಷ್ಟ್ರ ಅಡುಗೆಮನೆಯೇ ಸಾಕಷ್ಟು ದೊಡ್ಡ ಕಾರಣ.

ಇಲ್ಲಿ ನನಗೆ ಕೌಟಿಲ್ಯನ ನೆನಪಾಗುತ್ತದೆ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಕಂಡುಹಿಡಿದು 1909ರಲ್ಲಿ ಪ್ರಕಟಿಸಿದ 'ಅರ್ಥಶಾಸ್ತ್ರ'ದ ಮೂರನೆಯ ಅಧಿಕರಣದಲ್ಲಿ ಮನೆಗಳ ಮಾರಾಟದ ಪ್ರಸ್ತಾಪ ಬರುತ್ತದೆ. ಮಾರುವವನು ಮನೆಯ ಎದುರಿಗೆ ನಿಂತು, ನೆರೆಯ ನಲವತ್ತು ಕುಲಗಳವರ ಸಮಕ್ಷಮದಲ್ಲಿ ಎಲ್ಲೆಗಳನ್ನು ಸಾರಿ ಹೇಳಿ, ಈ ಬೆಲೆಗೆ ಕೊಳ್ಳುವವರಾರು ಎಂದು ಮೂರು ಸಲ ಕೂಗಬೇಕಂತೆ. ನೆರೆಯವರಿಗೆ ಆತ ಬಳಸುವ ಶಬ್ದ 'ಸಾಮಂತ'. ನಮ್ಮ ಶಾಸನಗಳಲ್ಲಿ ಅಧೀನ ರಾಜನೆಂಬ ಅರ್ಥಕ್ಕೆ ಏರಿ ಕುಳಿತ ಈ ಶಬ್ದ ಮೊದಲಿಗೆ ಎಲ್ಲೆಗೆ ತಾಗಿದವನು, ಪಕ್ಕದವನು ಎಂಬಷ್ಟೇ ಅರ್ಥದ್ದು. ಕೌಟಿಲ್ಯನಿಗೆ ಜನರ ಒಳ್ಳೆಯತನದ ಮೇಲೆ ನಂಬಿಕೆಯಿದ್ದಂತೆ ತೋರುವುದಿಲ್ಲ. ಆದರೂ ಮಾರಾಟವನ್ನು ಕಚೇರಿಯಲ್ಲಿ ಮಾಡಿಸದೆ ಮನೆಯ ಮುಂದೆ, ಪಕ್ಕದವರ ಎದುರಿಗೆ ಮಾಡಿಸಿದ. ಪಕ್ಕದವರಿಗೆ ಗೊತ್ತಿರುವುದು ಇನ್ನಾರಿಗೂ ಗೊತ್ತಿರುವುದಿಲ್ಲ.

ನನ್ನ ಅಭಿಪ್ರಾಯವೂ ಇದರ ಸುತ್ತ ಬೆಳೆದದ್ದು. ತಪಾಸಣೆ ಬೇಕು, ಅದು ಅಪ್ಪಣೆಯಾಗಬಾರದು, ಸಾಕ್ಷಿಯಾಗಬೇಕು. ವರದಿಯಲ್ಲಿ ಏನೇ ಬರೆದಿರಲಿ, ಮಾರಾಟವನ್ನು ನಿಲ್ಲಿಸುವ ಅಧಿಕಾರ ಯಾರಿಗೂ ಕೂಡದು. ಬಿರುಕಿನ ಮನೆಯನ್ನು ಬಿರುಕಿನ ಮನೆಯೆಂದು ತಿಳಿದು, ಅದಕ್ಕೆ ತಕ್ಕ ಬೆಲೆಗೆ ಕೊಳ್ಳಲು ಯಾರಿಗಾದರೂ ಸ್ವಾತಂತ್ರ್ಯವಿದೆ. ಆ ವಿಧವೆ ತಮ್ಮ ಮನೆಯನ್ನು ಇದ್ದಂತೆಯೇ ಮಾರಲಿ. ಇದ್ದದ್ದನ್ನು ಬರೆದು ಮಾರಲಿ. ಬರೆದು ಮಾರಿದವರ ಮೇಲೆ ಮುಂದೆ ದಾವೆ ಬರುವುದೂ ಇಲ್ಲ. ತಡೆಯುವ ಅಧಿಕಾರ ಇಲ್ಲದ ಕಡೆ ಕೈಬಿಸಿ ಮಾಡುವ ಪ್ರಸಂಗವೂ ಮುಕ್ಕಾಲು ಪಾಲು ಕಡಮೆಯಾಗುತ್ತದೆ. ಉಳಿದ ಕಾಲು ಪಾಲು, ಇದ್ದ ದೋಷವನ್ನು ಬರೆಯದೆ ಬಿಡುವುದಕ್ಕೆ ಸಲ್ಲುವ ದಕ್ಷಿಣೆ. ಅದನ್ನು ನಿವಾರಿಸಬೇಕಾದರೆ ಪರಿಶೀಲಕರನ್ನು ಕೊಳ್ಳುವವರೇ ಪಟ್ಟಿಯಿಂದ ಆರಿಸಿಕೊಳ್ಳುವಂತಿರಬೇಕು. ಸ್ಕಾಟ್ಲೆಂಡಿನವರು ಮಾರುವವರಿಗೆ ಬಿಟ್ಟದ್ದನ್ನು ನಾವು ಇಲ್ಲಿ ತಿರುವುಮುರುವು ಮಾಡುವುದು ಮೇಲು.

ಪರಿಶೀಲಿಸಲು ಜನ ಎಲ್ಲಿ ಎಂದು ಕೇಳುತ್ತಾರೆ. ಪಟ್ಟಣ ಪಂಚಾಯಿತಿಯ ಒಬ್ಬಿಬ್ಬರು ಇಂಜಿನಿಯರುಗಳಿಂದ ಇದು ಆಗದು, ನಿಜ. ಆದರೆ 1963ರಲ್ಲಿ ಸಿದ್ಧಗಂಗಾ ತಾಂತ್ರಿಕ ವಿದ್ಯಾಲಯ ಪ್ರಾರಂಭವಾದ ಊರಿನಲ್ಲಿ ಕಟ್ಟಡ ಶಾಸ್ತ್ರ ಕಲಿತವರಿಗೆ ಬರವೆ? ಮನೆಯ ನಕ್ಷೆಗೆ ಸಹಿ ಹಾಕಲು ಪರವಾನಗಿ ಪಡೆದವರು ಮೂರೂ ಊರುಗಳಲ್ಲಿ ಸಿಗುತ್ತಾರೆ. ಅವರ ಜೊತೆಗೆ ಮೂವತ್ತು ವರ್ಷ ಕೆಲಸ ಮಾಡಿದ ಗಾರೆ ಮೇಸ್ತ್ರಿಯೊಬ್ಬರು ಹೋದರೆ ಇನ್ನೂ ಒಳ್ಳೆಯದು. ಗೋಡೆಗೆ ಕರಣೆಯ ಹಿಡಿಯಿಂದ ತಟ್ಟಿ, ಸದ್ದು ಕೇಳಿ, ಒಳಗೆ ಪೊಳ್ಳಿದೆಯೆಂದು ಹೇಳುವ ವಿದ್ಯೆ ಅವರದು. ಸ್ಥಳೀಯ ಸಂಸ್ಥೆ ತನ್ನಲ್ಲಿಯೇ ಇರುವ ಸಂಗತಿಗಳನ್ನು ಬರೆದುಕೊಟ್ಟರೂ ಅರ್ಧ ಕೆಲಸವಾಗುತ್ತದೆ: ಒಳಚರಂಡಿಗೆ ಸಂಪರ್ಕವಿದೆಯೆ, ನಲ್ಲಿಯ ನೀರು ಬರುತ್ತದೆಯೆ, ಹಳೆಯ ನಕ್ಷೆಯಲ್ಲಿ ಆ ಜಾಗ ಕೆರೆಯಂಗಳವೋ ರಾಜಕಾಲುವೆಯೋ ಬಾವಿಯೋ. ಕೊಳವೆ ಬಾವಿಯಿದ್ದರೆ ನೀರಿನ ಪರೀಕ್ಷೆಯೂ ಆಗಬೇಕು. ನಮ್ಮ ಜಿಲ್ಲೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಇರುವುದು ಎಲ್ಲರಿಗೂ ತಿಳಿದ ವಿಷಯ.

ಖರ್ಚಿನ ಮಾತು ಉಳಿಯಿತು. ಐವತ್ತು ಲಕ್ಷ ರೂಪಾಯಿಯ ಮನೆಯನ್ನು ಕೊಂಡವರು ನೂರಕ್ಕೆ ಐದರಂತೆ ಎರಡೂವರೆ ಲಕ್ಷ ಮುದ್ರಾಂಕ ಶುಲ್ಕ ಕಟ್ಟುತ್ತಾರೆ. ಅದರ ಮೇಲಿನ ಸೆಸ್ಸುಗಳು ಬೇರೆ. ನೋಂದಣಿ ಶುಲ್ಕ ನೂರಕ್ಕೆ ಒಂದು ಇದ್ದದ್ದನ್ನು 2025ರ ಆಗಸ್ಟ್ ಕೊನೆಯಿಂದ ಎರಡು ಮಾಡಿದರು. ಅಲ್ಲಿಗೆ ಇನ್ನೊಂದು ಲಕ್ಷ. ಮೂರೂವರೆ ಲಕ್ಷ ರೂಪಾಯಿಯನ್ನು ಪಡೆದ ಸರ್ಕಾರದ ಪರವಾಗಿ ಆ ಮನೆಯ ಬಾಗಿಲನ್ನು ಒಬ್ಬರೂ ತಟ್ಟುವುದಿಲ್ಲ. ಹೆಚ್ಚಿಸಿದ ಆ ಒಂದು ಭಾಗದಲ್ಲಿ ಸ್ವಲ್ಪವನ್ನು ಪುರಸಭೆಗೆ ಬಿಟ್ಟುಕೊಟ್ಟರೆ ಪರಿಶೀಲಕರ ಸಂಭಾವನೆಯೂ ಮೇಸ್ತ್ರಿಯ ದಿನಗೂಲಿಯೂ ಅದರಲ್ಲಿ ನಡೆಯುತ್ತವೆ. ಮಾರುವ ಬಡವರ ಮೇಲೆ ಹೊಸ ಹೊರೆ ಬೀಳುವುದಿಲ್ಲ.

ವರದಿ ಎರಡು ಪುಟವಿದ್ದರೆ ಸಾಕು, ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ. ಅಷ್ಟಭೋಗದ ಪಕ್ಕದಲ್ಲಿಯೇ ಕ್ರಯಪತ್ರಕ್ಕೆ ಲಗತ್ತಾಗಲಿ. ಅದರ ಕೊನೆಯಲ್ಲಿ ಒಂದಿಷ್ಟು ಜಾಗ ಬಿಟ್ಟಿರಬೇಕು. ಚೆಕ್ಕುಬಂದಿಯಲ್ಲಿ ಹೆಸರು ಬಂದಿರುವ ಎಡಬಲದ ಮನೆಯವರನ್ನು ಪರಿಶೀಲಕರು ಕರೆದು, ಈ ಜಾಗದ ವಿಷಯವಾಗಿ ತಾವು ಬಲ್ಲದ್ದೇನಾದರೂ ಉಂಟೆ ಎಂದು ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲಿಯೇ ಬರೆದು ಸಹಿ ಹಾಕಿಸಲಿ. ಎದುರು ಮನೆಯ ಅಜ್ಜಿಗೆ ಸಹಿ ಬಾರದಿದ್ದರೆ ಹೆಬ್ಬೆಟ್ಟು ಒತ್ತಿಸಬಹುದು.